ಕಾಕಾನಿಗೆ ಮೌನ ಆಗಿಬರುವುದಿಲ್ಲ

ಲಂಡನ್ನಿನ ಲಿಫ್ಟಿನಲ್ಲಿ ಅಪರಿಚಿತರನ್ನು ಮಾತಾಡಿಸುವ ಮನುಷ್ಯ ಒಬ್ಬನೇ ಒಬ್ಬ ಇದ್ದಾನೆಂದರೆ ಅವನು ನಮ್ಮ ಕಾಕಾ! ಬೇಕಾದರೆ ಪಂಥ ಕಟ್ಟಿ.

ತಪ್ಪು ಅವನದಲ್ಲ, ನೌಕರಿಯದು. ಧಾರವಾಡದ ಈ ಮಹಾಶಯ ಇಲ್ಲೊಂದು ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಾನೆ, ಜೊತೆಗೆ ಅಲ್ಲಿಯ ವಿದ್ಯಾರ್ಥಿಗಳ ರೇಡಿಯೋಕ್ಕೆ ಮಾರ್ಗದರ್ಶಕ. ಅಂದರೆ, ಹುಡುಗರು ಮೈಕಿನಲ್ಲಿ ಯಾರನ್ನಾದರೂ ಬೈದರೆ ಬೈಸಿಕೊಳ್ಳಲಿಕ್ಕೆ ಇಟ್ಟ ಮನುಷ್ಯ. ರೇಡಿಯೋದಲ್ಲಿ ಕೊಲೆಗಿಂತ ದೊಡ್ಡ ಅಪರಾಧ ಮೌನವಂತೆ! "ಎದುರಿನಾವ ತಡವರಿಸಿದ್ರ ಸುಮ್ಮನ ಕೂಡಬ್ಯಾಡ್ರಿ. ಅವ ಹೇಳೂ ಮಾತು ನೀವ ಎತ್ತಿ ಕೊಡ್ರಿ" ಎಂಬುದು ಕಾಕಾನ ಪಾಠ. ಆ ಪಾಠ ಸ್ಟುಡಿಯೋದಲ್ಲೇ ಉಳಿದಿದ್ದರೆ ನಾವೂ ಸುಖವಾಗಿರುತ್ತಿದ್ದೆವು.

ಉಳಿಯಿತೇ? ವೆಂಬ್ಲಿಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರ ಸಂತಾಪ ಸಭೆ. ಎಲ್ಲರೂ ಎದ್ದು ಮೌನವಾಗಿ ನಿಂತೆವು. ನಾನು ಕಾಕಾನ ಕೈ ಗಟ್ಟಿಯಾಗಿ ಹಿಡಿದುಕೊಂಡೆ, ಹಿಡಿಯಬೇಕಾಗಿದ್ದುದು ಬಾಯಿಯನ್ನು.

"ಹೊರಗ ಹನ್ನೊಂದು ಡಿಗ್ರಿ ಅದ. ಮೆಟ್ರೊಪಾಲಿಟನ್ ಲೈನ್ ರೈಲು ಸುರಳೀತ ಓಡಾಕತ್ತದ. ಮೌನ ಮುಂದುವರೀತದ!" ಎಂದ ಕಾಕಾ, ಥೇಟು ರೇಡಿಯೋದ ದನಿಯಲ್ಲಿ.

"ಯಾರರ ಇವರ ಬಾಯಾಗ ಒಂದು ವಡಿ ತುರುಕ್ರಿ!" ಎಂದಳು ಅವನ ಹೆಂಡತಿ, ನಮ್ಮ ಕಾಕು. ಪಟದೊಳಗಿನ ಹಿರಿಯರೂ ನಕ್ಕಂತೆ ಕಂಡಿತು.

ಇಂಥ ವಾಗ್ಮಿಯ ನೌಕರಿ ಮಾತ್ರ ಕಾಯಂ ಅಲ್ಲ, ವರ್ಷವರ್ಷವೂ ನವೀಕರಣ. ನಮ್ಮ ಮನೆಯ ಬಾಯ್ಲರಿಗೇ ಅದಕ್ಕಿಂತ ಹೆಚ್ಚಿನ ಗ್ಯಾರಂಟಿ ಇದೆ! ಯಾರೂ ಓದದ ಪ್ರಬಂಧ ಬರೆದವರು ಕಾಯಂ ಆದರು, ಬಡ್ತಿಯನ್ನೂ ಪಡೆದರು. ರೇಡಿಯೋ ನಡೆಸುವುದು ಹವ್ಯಾಸವಂತೆ. ಹುಡುಗರು ಮಾತು ಕಲಿತು ನೌಕರಿ ಹಿಡಿದದ್ದು ಲೆಕ್ಕಕ್ಕೇ ಇಲ್ಲ, ಪಾಪ, ಅದನ್ನು ಅಚ್ಚು ಹಾಕಿಸಿಲ್ಲವಲ್ಲ!

ಕೊನೆಗೊಮ್ಮೆ ಕಾಯಂ ಮಾಡುವ ಸಮಿತಿ ಕಾಕಾನನ್ನು ಕರೆಯಿತು. ಕಾಕಾ ತನ್ನ ರೇಡಿಯೋ ಹುಡುಗರ ಬಗ್ಗೆ ಮನಸ್ಸು ಬಿಚ್ಚಿ ಹೇಳಿದ. ಅಧ್ಯಕ್ಷೆ ಕನ್ನಡಕ ತೆಗೆದು ಯೋಚನೆಗೆ ಬಿದ್ದರು. ಉಳಿದವರೂ ಸುಮ್ಮನಾದರು. ಇಂಗ್ಲಿಷರು ಹಾಗೆ ಸುಮ್ಮನಾದರೆಂದರೆ ಮನಸ್ಸು ಕರಗುತ್ತಿದೆ ಎಂದರ್ಥ. ಇನ್ನೊಂದು ಗಳಿಗೆ ತಡೆದಿದ್ದರೆ ಸಾಕಿತ್ತು.

ತಡೆದಾನೆಯೇ! ಪಾಪ, ಅವರು ತಡವರಿಸುತ್ತಿದ್ದಾರೆಂದು ಇವನಿಗೆ ಕನಿಕರ. ಅವರ ಮಾತನ್ನು ತಾನೇ ಎತ್ತಿಕೊಟ್ಟ: "ಪ್ರಬಂಧಗಳು ಕಡಿಮೆ, ಈ ಸಲ ಆಗುವುದಿಲ್ಲ ಅಂತೀರೇನೋ?"

ಅಧ್ಯಕ್ಷೆ ಕನ್ನಡಕ ಹಾಕಿಕೊಂಡು, "ಹೌದು, ಹೌದು, ಅದೇ!" ಎಂದರಂತೆ. ಇಷ್ಟು ಚೆನ್ನಾಗಿ ಹೇಳಿದ್ದಕ್ಕೆ ಥ್ಯಾಂಕ್ಸ್ ಬೇರೆ!

ಸಂಜೆ ಗ್ರೀನ್‌ಫರ್ಡಿನ ನಮ್ಮ ಮನೆಗೆ ಬಂದು ಇಷ್ಟನ್ನೂ ಹೇಳಿದ ಕಾಕಾ ಕೋಟು ಕೂಡ ಬಿಚ್ಚದೆ ಸೋಫಾದ ಮೇಲೆ ಕೂತ. ಆಮೇಲೆ ಮಾತಿಲ್ಲ. ಕೆಟಲ್ ಕುದಿದು ಆರಿತು. ಕಾಕು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಬಾಯಿ ಮುಚ್ಚು ಎಂದು ದಿನಾ ಬೇಡಿಕೊಳ್ಳುತ್ತಿದ್ದ ನಮಗಿಬ್ಬರಿಗೂ ಅವತ್ತು ಆ ಮನೆಯಲ್ಲಿ ಹೆದರಿಕೆಯಾಯಿತು. ಈ ಮನುಷ್ಯನ ಮಾತು ಎತ್ತಿಕೊಡಲು ಯಾರಿದ್ದಾರೆ?

ನಾನೇ ಶುರುಮಾಡಿದೆ. "ಹೊರಗ... ಒಂಬತ್ತು ಡಿಗ್ರಿ ಅದ. ಸೆಂಟ್ರಲ್ ಲೈನ್..."

ಮುಂದೆ ಬರಲಿಲ್ಲ. ಕಾಕಾ ತಲೆ ಎತ್ತಲಿಲ್ಲ.

"ಸುರಳೀತ ಓಡಾಕತ್ತದ" ಎಂದ ಮೆಲ್ಲಗೆ. "ದನಿ ನಡಗಾಕತ್ತದವ್ವಾ ನಿಂದು. ಇರ್ಲಿ, ನಿಲ್ಲಸಬ್ಯಾಡ. ಮುಂದ ಹೇಳು."