ಸಕ್ಕರೆ ಡಬ್ಬಿಯಲ್ಲಿ ನನ್ನ ಕ್ರಾಂತಿ

"ಇನ್ನು ಮುಂದೆ ಈ ಮನೆಯೊಳಗೆ ಒಂದು ಕಾಳು ಸಕ್ಕರೆಯೂ ಕಾಲಿಡಕೂಡದು!" ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಸಿರ್ಕಾ ಅಡುಗೆಮನೆಯಲ್ಲಿ ಮೀನು ಹೆಚ್ಚುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಮೊದ್ಲು ನೀವು ಬೂಟ್ಸು ಬಿಚ್ಚಿ ಕಾಲಿಡಿ. ಈಗ ತಾನೇ ನೆಲ ಒರೆಸಿದೀನಿ" ಎಂದಳು.

ಸಮಾಜ ಸುಧಾರಕರಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇಷ್ಟೇ! ನನ್ನ ಕ್ರಾಂತಿಗೆ ಕಾರಣ ಹಲ್ಲಿನ ಡಾಕ್ಟರು. ಅಂದು ಬೆಳಿಗ್ಗೆ ನನ್ನ ಬಾಯೊಳಗೆ ಕನ್ನಡಿ ಆಡಿಸಿದ ಆಕೆ, "ಈ ವಯಸ್ಸಲ್ಲೂ ಒಂದೂ ಹುಳುಕಿಲ್ವಲ್ಲ ಸಾರ್, ಹೇಗೆ ಕಾಪಾಡ್ಕೊಂಡ್ರಿ?" ಎಂದು ಬೆರಗಾಗಿದ್ದಳು. ಹೇಗೇನು ಬಂತು? ಇಡೀ ಫಿನ್ಲೆಂಡಿಗೆ ಗೊತ್ತಿರುವ ಗುಟ್ಟು. ಉಂಡ ಕೂಡಲೇ ಬಾಯಿಗೊಂದು ಸೈಲಿಟಾಲ್ ಗುಳಿಗೆ! ಶಿಶುವಿಹಾರದಲ್ಲಿ ಗಂಜಿ ಕುಡಿದ ಮಕ್ಕಳು ಅಂಗೈ ಚಾಚಿ ಸಾಲುಗಟ್ಟುವುದೂ ಅದಕ್ಕೇ. ಬರ್ಚ್ ಮರದಿಂದ ಬಂದ ಸಿಹಿ. ನೋಡಲು ಸಕ್ಕರೆ, ನಾಲಿಗೆಗೂ ಸಕ್ಕರೆ, ಹಲ್ಲಿಗೆ ಮಾತ್ರ ಸಾಕ್ಷಾತ್ ತಾಯಿ! ಅಂಥದ್ದನ್ನು ಗುಳಿಗೆ ಮಾಡಿ ಚಪ್ಪರಿಸಿ, ಬನ್ನಿಗೆ ಮಾತ್ರ ಆ ಬಿಳಿ ವಿಷವನ್ನೇ ಸುರಿಯುವುದೆಂದರೆ? ನನ್ನ ರಕ್ತ ಕುದಿಯಿತು.

ಅಂದೇ ಸಂಜೆ ಮನೆಯಲ್ಲಿದ್ದ ಜೇನು, ಜಾಮು, ರಾಸ್ಪ್‌ಬೆರಿ ಪಾನಕ ಎಲ್ಲವನ್ನೂ ಬುಟ್ಟಿಗೆ ತುಂಬಿ ಪಕ್ಕದ ಮನೆಯ ಮುದುಕ ಟೆರ್ಹೊಗೆ ಸಾಗಹಾಕಿದೆ. ಜೊತೆಗೆ ಸಕ್ಕರೆಯ ದುಷ್ಪರಿಣಾಮಗಳ ಬಗ್ಗೆ ಒಂದು ಭಾಷಣವನ್ನೂ ಪುಕ್ಕಟೆಯಾಗಿ ಬಿಗಿದೆ. ನಮ್ಮ ಸಾವೊ ಸೀಮೆಯಲ್ಲಿ ಒಂದು ಮಾತಿದೆ: ಸಾವೊದವನು ಬಾಯಿ ತೆರೆದರೆ ಜವಾಬ್ದಾರಿಯೆಲ್ಲ ಕೇಳಿಸಿಕೊಂಡವನದ್ದು. ಟೆರ್ಹೊ ಕೇಳಿಸಿಕೊಂಡ, ಆಕಳಿಸಿದ, ಬುಟ್ಟಿ ಒಳಗಿಟ್ಟುಕೊಂಡ.

ಸಿರ್ಕಾ ಮಾತ್ರ ಒಂದು ಗಡಿ ಎಳೆದಳು. "ಜೇನು ಹೋಗ್ಲಿ, ಜಾಮು ಹೋಗ್ಲಿ. ನನ್ನ ಸಕ್ಕರೆ ಡಬ್ಬಿಗೆ ಕೈ ಹಾಕಿದ್ರೋ, ನೋಡಿ ಮತ್ತೆ! ಶನಿವಾರ ನನ್ನ ಹೆಸರಿನ ದಿನ. ಕಾಫಿಗೆ ಜನ ಬರ್ತಾರೆ. ಏಲಕ್ಕಿ ಬನ್ ಮಾಡ್ಬೇಕು."

ನಮ್ಮಲ್ಲಿ ಕ್ಯಾಲೆಂಡರಿನ ಪ್ರತಿ ದಿನಕ್ಕೂ ಒಂದೊಂದು ಹೆಸರು; ಆ ಹೆಸರಿನವರಿಗೆ ಅಂದು ಹುಟ್ಟುಹಬ್ಬದಂಥ ಸಡಗರ. ಸಿರ್ಕಾಳ ಏಲಕ್ಕಿ ಬನ್ನೆಂದರೆ ಕುವೋಪಿಯೊ ಪಟ್ಟಣದಲ್ಲೇ ಒಂದು ಹೆಸರು. ಅದಕ್ಕೇ ನನಗೆ ಆ ಅದ್ಭುತ ಉಪಾಯ ಹೊಳೆದದ್ದು! ಅವಳು ಸೌನಾದ ಹಬೆಸ್ನಾನಕ್ಕೆ ಹೋದ ಹೊತ್ತು ನೋಡಿ ಡಬ್ಬಿಯ ಸಕ್ಕರೆಯನ್ನು ಗೊಬ್ಬರದ ಗುಂಡಿಗೆ ಸುರಿದು, ಅಂಗಡಿಯಿಂದ ತಂದಿದ್ದ ಬರ್ಚ್ ಸಕ್ಕರೆ, ಅಂದರೆ ಅದೇ ಸೈಲಿಟಾಲ್ ಪುಡಿ, ತುಂಬಿಸಿಟ್ಟೆ. ಜನ ತಿನ್ನಲಿ, ಚಪ್ಪರಿಸಲಿ, ಹೊಗಳಲಿ. ಆಮೇಲೆ ಎದ್ದು ನಿಂತು ರಹಸ್ಯ ಬಿಡುಗಡೆ! ಚಪ್ಪಾಳೆ!

ಶನಿವಾರ ಬೆಳಿಗ್ಗೆ ಅಡುಗೆಮನೆಯಿಂದ ಬಂದದ್ದು ಚಪ್ಪಾಳೆಯಲ್ಲ, ಆರ್ತನಾದ.

"ಅಯ್ಯೋ! ಹಿಟ್ಟು ಉಬ್ಬೇ ಇಲ್ಲ ಕಣ್ರೀ!"

ಬಟ್ಟೆ ಸರಿಸಿ ನೋಡಿದೆ. ಹಿಟ್ಟು ಕೆರೆಯ ತಳದ ಕಲ್ಲಿನಂತೆ ಬಿದ್ದಿತ್ತು.

"ಯೀಸ್ಟ್ ಸತ್ತಿದೆ" ಎಂದಳು. ಆಮೇಲೆ ಹಾಲು ತಣ್ಣಗಿತ್ತು ಎಂದಳು. ಕೊನೆಗೆ, "ನೀವೇ ಕಿಟಕಿ ತೆಗೆದಿಟ್ಟು ಗಾಳಿ ಬಿಟ್ರಿ!" ಎಂದು ನನ್ನ ಕಡೆಗೆ ಲಟ್ಟಣಿಗೆ ತಿರುಗಿಸಿದಳು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಮಾಡದ ತಪ್ಪಿಗೆ ಬೈಸಿಕೊಳ್ಳುವುದೇ? "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!" ಎಂದುಬಿಟ್ಟೆ. ಅವಳು ಹಿಟ್ಟನ್ನೇ ಗುದ್ದಿದಳು. ಆ ಗುದ್ದು ಯಾರಿಗೆ ಎಂಬುದು ಇಬ್ಬರಿಗೂ ತಿಳಿದಿತ್ತು. ಮತ್ತೊಂದು ಸಲ ಕಲಸಲು ಹೊತ್ತಿರಲಿಲ್ಲ. ಉಬ್ಬದ ಹಿಟ್ಟೇ ಒಲೆಗೆ ಹೋಯಿತು.

ಮಧ್ಯಾಹ್ನ ನಾದಿನಿ ರಾಯ್ಲಿ, ಷಡ್ಕ ಓಸ್ಮೊ, ಪಕ್ಕದ ಮನೆಯ ಟೆರ್ಹೊ ಮೂವರೂ ಬಂದು ಕೂತರು. ಕಾಫಿ ಬಂತು. ಬನ್ ಬಂತು. ಓಸ್ಮೊ ತಟ್ಟೆಗೆ ಹಾಕಿಕೊಂಡಾಗ ಟಣ್ ಎಂದು ಸದ್ದಾಯಿತು!

ಇಲ್ಲಿ ನಮ್ಮ ಜನರ ಒಂದು ದೊಡ್ಡ ಗುಣ ಹೇಳಲೇಬೇಕು. ಕಾಫಿ ಮೇಜಿಗೆ ಕೂತ ಮೇಲೆ, ಮನೆಯಾಕೆ ಕಲ್ಲನ್ನೇ ಬಡಿಸಿದರೂ ನಾವು 'ಬೇಡ' ಅನ್ನುವವರಲ್ಲ, 'ಚೆನ್ನಾಗಿಲ್ಲ' ಅನ್ನುವವರಂತೂ ಅಲ್ಲವೇ ಅಲ್ಲ.

"ಏಲಕ್ಕಿ ಘಮ ಘಮ ಅಂತಿದೆ ಕಣಕ್ಕಾ" ಎಂದಳು ರಾಯ್ಲಿ.

"ಗಟ್ಟಿಮುಟ್ಟಾಗಿದೆ" ಎಂದ ಟೆರ್ಹೊ.

ಓಸ್ಮೊ ಬರೀ ತಲೆಯಾಡಿಸಿದ. ಅವನ ಕಟ್ಟಿದ ಹಲ್ಲಿಗೆ ಏನೋ ಆಗಿತ್ತು. ಆದರೂ ನೋಡನೋಡುತ್ತಿದ್ದಂತೆ ಎಲ್ಲರ ತಟ್ಟೆಯೂ ಖಾಲಿ! ಸಿರ್ಕಾಳ ಮುಖ ಅರಳಿತು. "ಇನ್ನೊಂದು ಹಾಕ್ಕೊಳ್ಳಿ" ಎಂದಳು. ಹಾಕಿಕೊಂಡರು. ಅದೂ ಖಾಲಿ! ಈಗ ಎದ್ದು ನಿಂತು ರಹಸ್ಯ ಹೇಳುವುದೇ ಸರಿ ಎಂದು ನಾನು ಗಂಟಲು ಸರಿಮಾಡಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಮೇಜಿನ ಕೆಳಗಿಂದ ನಮ್ಮ ಕೊರ್ಪು ಹೊರಬಂದ.

ಕೊರ್ಪು ನಮ್ಮ ಕೆಂಚು ನಾಯಿ. ಸಿರ್ಕಾಗಂತೂ ಅವನೇ ಉಸಿರು. ಹೊರಬಂದವನು ಬಾಗಿಲ ಕಡೆ ಹೊರಟು, ಗೋಡೆಗೆ ಡಿಕ್ಕಿ ಹೊಡೆದ.

"ಏನೋ ಇದು, ಕುಡ್ದವ್ನ ಥರ ಆಡ್ತಾನೆ!" ಎಂದು ಟೆರ್ಹೊ ನಕ್ಕ. ಎಲ್ಲರೂ ನಕ್ಕರು. ಕೊರ್ಪು ವಾಂತಿ ಮಾಡಿದ. ಹಿಂಗಾಲು ಮಡಿಚಿ ಕುಸಿದ. ಮೈ ನಡುಗತೊಡಗಿತು. ನಗು ಅಲ್ಲಿಗೇ ನಿಂತಿತು.

ಸಿರ್ಕಾ ನೆಲಕ್ಕೆ ಕೂತು ಅವನ ತಲೆಯನ್ನು ತೊಡೆಗೆಳೆದುಕೊಂಡಳು. ರಾಯ್ಲಿ ಪಶುವೈದ್ಯರ ತುರ್ತು ನಂಬರಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು. ಫೋನಿನ ಡಾಕ್ಟರಮ್ಮ ಪಟಪಟನೆ ಕೇಳಿದಳು.

"ಚಾಕಲೇಟ್ ತಿಂದಿದ್ಯಾ? ಒಣದ್ರಾಕ್ಷಿ? ಸೈಲಿಟಾಲ್?"

"ಇಲ್ಲಮ್ಮ, ಯಾವ್ದೂ ಇಲ್ಲ. ಮನೆ ಬನ್ ಅಷ್ಟೇ, ನಾನೇ ಮಾಡಿದ್ದು" ಎಂದಳು ಸಿರ್ಕಾ.

ನನಗೆ ಮೊದಲು ಬಂದದ್ದು ಭಯವಲ್ಲ, ರೋಷ! "ಇದೆಂಥ ಪ್ರಶ್ನೆ ಡಾಕ್ಟ್ರೇ? ಸೈಲಿಟಾಲ್ ಏನು ಇಲಿಪಾಷಾಣಾನಾ? ಹಾಲುಹಲ್ಲಿನ ಮಕ್ಕಳಿಗೆ ಕೊಡೋ ಪದಾರ್ಥ ಅದು!"

"ಮಕ್ಕಳಿಗೆ ಅಮೃತ, ನಾಯಿಗೆ ವಿಷ ಸಾರ್. ಹೊಟ್ಟೆಗೆ ಹೋದ್ರೆ ರಕ್ತದ ಸಕ್ಕರೆ ಧಡಕ್ಕಂತ ಇಳಿದುಬಿಡುತ್ತೆ. ಆಮೇಲೆ ಪಿತ್ತಜನಕಾಂಗಕ್ಕೂ ಕುತ್ತು. ತಿಂದಿದ್ಯಾ, ಇಲ್ವಾ? ಬೇಗ ಹೇಳಿ."

ಸಿರ್ಕಾ ತಲೆಯೆತ್ತಿ ನನ್ನನ್ನು ನೋಡಿದಳು. ಅವಳಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಕೊರ್ಪುವಿನ ಬಾಯಿಂದ ಜೊಲ್ಲು ಸುರಿಯುತ್ತಿತ್ತು. ನನ್ನ ಮಾತಿನ ಜವಾಬ್ದಾರಿಯನ್ನು ಹೊರಲು ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ತಿಂದಿದೆ" ಎಂದೆ. "ಡಬ್ಬೀಲಿದ್ದದ್ದು ಸಕ್ಕರೆ ಅಲ್ಲ. ನಾನು ಬದಲಾಯಿಸಿದ್ದೆ."

ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬೈಯಲಿಲ್ಲ. ನಾಯಿಯ ಕಿವಿ ಸವರುತ್ತಾ, "ಅದಕ್ಕೇ ಹಿಟ್ಟು ಉಬ್ಬಲಿಲ್ಲ. ಯೀಸ್ಟ್ ಕೂಡ ಮೂಸಿ ನೋಡ್ಲಿಲ್ಲ ಅದನ್ನ. ನೆಲ ಡೊಂಕಂತೆ" ಎಂದಳು.

"ಎಷ್ಟು ಬನ್ ತಿಂತು?" ಡಾಕ್ಟರಮ್ಮನ ದನಿ.

"ಒಂದು ಚೂರು ಬಿದ್ದಿರಬಹುದೇನೋ..." ಎಂದಳು ಸಿರ್ಕಾ.

ಓಸ್ಮೊ ಛಾವಣಿ ನೋಡಿದ. ಟೆರ್ಹೊ ಮೀಸೆ ತೀಡಿದ. ನನಗೆ ನಖಶಿಖಾಂತ ಉರಿಯಿತು. "ನಾಯಿ ಸಾಯ್ತಾ ಇದೆ, ಮರ್ಯಾದೆ ಆಮೇಲೆ ನೋಡ್ಕೊಳ್ಳಿ! ಯಾರ್ಯಾರು ಎಷ್ಟೆಷ್ಟು ಕೊಟ್ರಿ, ಹೇಳಿ!" ಎಂದು ಗುಡುಗಿದೆ.

"ನಾನು... ಎರಡೂ" ಎಂದಳು ರಾಯ್ಲಿ. "ಸಾರಿ ಅಕ್ಕಾ."

"ನಂದೂ ಎರಡೂ" ಎಂದ ಓಸ್ಮೊ, ದವಡೆ ಹಿಡಿದುಕೊಂಡು.

"ಒಂದೂವರೆ ಕೊಟ್ಟೆ. ಅರ್ಧ ನನ್ನ ಜೇಬಲ್ಲಿದೆ" ಎಂದ ಟೆರ್ಹೊ.

"ಭಾವಾ, ನಿಮ್ದು?" ರಾಯ್ಲಿಯ ಪ್ರಶ್ನೆ ಈಟಿಯ ಹಾಗೆ ಬಂತು.

ಕ್ರಾಂತಿಕಾರಿ ತಲೆ ತಗ್ಗಿಸಿದ. "ಎರಡು."

ಬನ್ ಗಟ್ಟಿಯಿತ್ತು ಸ್ವಾಮೀ, ನಾನೇನು ಮಾಡಲಿ! ಕಾಪಾಡಿಕೊಂಡು ಬಂದ ಹಲ್ಲು ನನ್ನದು! ಹೆಸರಿನ ದಿನದ ಬನ್ನನ್ನು ಇಡೀ ಮನೆಯಲ್ಲಿ ಮನಸಾರೆ ತಿಂದವನು ಕೊರ್ಪು ಒಬ್ಬನೇ.

"ತುಂಬಾ ಜಾಸ್ತಿ ಆಯ್ತು" ಎಂದಳು ಡಾಕ್ಟರಮ್ಮ. "ತಕ್ಷಣ ಹೊರಟು ಬನ್ನಿ. ಅವನಿಗೆ ಇನ್ನೂ ಎಚ್ಚರ ಇದೆಯಲ್ವಾ? ದಾರೀಲಿ ಒಸಡಿಗೆ ಸಕ್ಕರೆ ನೀರೋ ಜೇನೋ ಸವರ್ತಾ ಇರಿ. ಮನೇಲಿ ಸಕ್ಕರೆ ಇರುತ್ತಲ್ಲ?"

ಇರುತ್ತಲ್ಲ ಅಂತೆ! ಫಿನ್ಲೆಂಡಿನ ಯಾವ ಮನೆಯಲ್ಲಿ ಬೇಕಾದರೂ ಇರುತ್ತದೆ, ಒಂದು ಮನೆ ಬಿಟ್ಟು! ನಾನು ಟೆರ್ಹೊನ ಮುಂದೆ ಅಕ್ಷರಶಃ ಕೈಮುಗಿದೆ. "ಟೆರ್ಹೊ, ಒಂದು ಹಿಡಿ ಸಕ್ಕರೆ ಕೊಡಯ್ಯಾ."

"ಬಿಳಿ ವಿಷ ಅಂದಿದ್ದೆ?"

"ಟೆರ್ಹೊ!"

ಮುದುಕ ಆಗಲೇ ಬಾಗಿಲು ದಾಟಿದ್ದ. ಕಾಲಲ್ಲಿ ಬೂಟ್ಸಿಲ್ಲದೆ, ಬರೀ ಉಣ್ಣೆ ಕಾಲುಚೀಲದಲ್ಲಿ ಕೊಚ್ಚೆಯ ಹಿಮ ತುಳಿದು ಓಡಿದ. ಹಿಂತಿರುಗಿದಾಗ ಕೈಯಲ್ಲಿದ್ದದ್ದು ನಾನೇ ಸಾಗಹಾಕಿದ ಜೇನಿನ ಬಾಟಲಿ!

ಓಸ್ಮೊ ಕಾರು ಓಡಿಸಿದ. ಹಿಂದಿನ ಸೀಟಿನಲ್ಲಿ ಕೊರ್ಪುವಿನ ತಲೆ ಸಿರ್ಕಾಳ ಮಡಿಲಲ್ಲಿ, ನನ್ನ ಬೆರಳು ಅವನ ಬಾಯಲ್ಲಿ. ಜೇನು ಸವರಿದೆ, ಮತ್ತೆ ಸವರಿದೆ. "ನುಂಗೋ, ನುಂಗೋ ನನ್ನಪ್ಪಾ" ಎಂದು ಗೋಗರೆದೆ. ಅತ್ತೆ ಕೂಡ. ಸಕ್ಕರೆಯ ಮೇಲೆ ನನಗಿದ್ದ ಹಗೆಯೆಲ್ಲ ಆ ದಾರಿಯಲ್ಲಿ ಕರಗಿಹೋಯಿತು.

ಆಸ್ಪತ್ರೆಯಲ್ಲಿ ಅವನ ಮುಂಗಾಲಿಗೆ ಗ್ಲೂಕೋಸ್ ಏರಿಸಿದರು. ಅವನನ್ನು ಒಳಗೆ ಒಯ್ದ ಮೇಲೆ ನನ್ನ ರೋಷ ಮತ್ತೆ ಹೆಡೆಯೆತ್ತಿತು. "ಇಷ್ಟು ದೊಡ್ಡ ವಿಷಯಾನ ಪ್ಯಾಕೆಟ್ ಮೇಲೆ ಬರೀಬಾರ್ದಾ? ಕಂಪನಿಯವ್ರಿಗೆ ಕಣ್ಣಿಲ್ವಾ? ಸರ್ಕಾರ ಸತ್ತಿದ್ಯಾ?" ಎಂದು ಡಾಕ್ಟರಮ್ಮನ ಮೇಲೆಯೇ ಹರಿಹಾಯ್ದೆ.

ಆಕೆ ಬಂದವರಿಗೆ ತೋರಿಸಲೆಂದೇ ಮೇಜಿನ ಮೇಲಿಟ್ಟಿದ್ದ ಸೈಲಿಟಾಲ್ ಪ್ಯಾಕೆಟ್ ಎತ್ತಿ ತಿರುಗಿಸಿ ಹಿಡಿದಳು. ನಾನು ಅಂಗಡಿಯಿಂದ ತಂದದ್ದೂ ಅಂಥದ್ದೇ. ಹಿಂಬದಿಯಲ್ಲಿ ನಾಯಿಯ ಚಿತ್ರ, ಅದರ ಮೇಲೆ ಅಡ್ಡಗೆರೆ, ಕೆಳಗೆ 'ನಾಯಿಗಳಿಗೆ ಕೊಡಬೇಡಿ' ಎಂಬ ಅಕ್ಷರ. ಅದೂ ಫಿನ್ನಿಷ್, ಸ್ವೀಡಿಷ್ ಎರಡರಲ್ಲೂ!

"ಇಷ್ಟು ಸಣ್ಣ ಅಕ್ಷರ ಯಾರಿಗೆ ಕಾಣುತ್ತೆ?" ಎಂದೆ.

"ಚಿತ್ರ ದೊಡ್ಡದಾಗೇ ಇದೆಯಲ್ಲಾ ಸಾರ್" ಎಂದಳು ಡಾಕ್ಟರಮ್ಮ.

ಕೊರ್ಪುವನ್ನು ಅಲ್ಲೇ ಇರಿಸಿಕೊಂಡರು. ಪಿತ್ತಜನಕಾಂಗ ತಾಳಿಕೊಳ್ಳುತ್ತದೋ ಇಲ್ಲವೋ ಗೊತ್ತಾಗಲು ಕೆಲವು ದಿನ ಬೇಕಂತೆ. ಆ ದಿನಗಳಲ್ಲಿ ಸಿರ್ಕಾ ನನ್ನೊಡನೆ ಆಡಿದ ಮಾತು 'ಹೂಂ', 'ಊಹೂಂ' ಎರಡೇ. ನಾನು ಅವನ ಖಾಲಿ ಬಟ್ಟಲನ್ನು ದಿನಕ್ಕೆ ಎಷ್ಟು ಸಲ ತೊಳೆದೆನೋ ನನಗೇ ತಿಳಿಯದು. ಕೊನೆಗೆ ಫೋನ್ ಬಂತು. ರಕ್ತ ಪರೀಕ್ಷೆಯೆಲ್ಲ ಸರಿಯಿದೆ, ಕರೆದೊಯ್ಯಬಹುದು! ಸಿರ್ಕಾ ನನ್ನ ಭುಜಕ್ಕೆ ಒರಗಿ ಗೊಳೋ ಎಂದು ಅತ್ತಳು, ಮರುಕ್ಷಣವೇ ಅದೇ ಭುಜಕ್ಕೆ ಒಂದು ಗುದ್ದು ಕೊಟ್ಟಳು.

ಕೊರ್ಪು ಬಾಲ ಅಲ್ಲಾಡಿಸುತ್ತಾ ಮನೆಗೆ ಬಂದ. ಟೆರ್ಹೊ, ರಾಯ್ಲಿ, ಓಸ್ಮೊ ಎಲ್ಲರೂ ನೋಡಲು ಬಂದಿದ್ದರು. ಪ್ರಾಯಶ್ಚಿತ್ತವೆಂದು ನಾನೇ ಪೇಟೆಗೆ ಹೋಗಿ ಅವನಿಗೆ ಪ್ರಿಯವಾದ ಸಾಸೇಜ್ ತಂದಿದ್ದೆ. ಈ ಸಲ ಹಿಂದೆ, ಮುಂದೆ, ಪಕ್ಕ, ಎಲ್ಲ ಅಕ್ಷರವನ್ನೂ ಓದಿಯೇ! ಮಂಡಿಯೂರಿ, ಎಲ್ಲರ ಮುಂದೆ ಅವನ ಮೂಗಿನ ಹತ್ತಿರ ಹಿಡಿದೆ.

ಕೊರ್ಪು ಮೂಸಿದ. ನನ್ನನ್ನು ನೋಡಿದ. ಬಾಯಿ ತೆರೆಯದೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಿರುಗಿಸಿ ಸಿರ್ಕಾಳ ಮುಖ ನೋಡುತ್ತಾ ಕೂತ.

ಇಷ್ಟು ಜನರೆದುರು ಇಂಥ ಅವಮಾನ! ನನಗೆ ತಡೆಯಲಾಗಲಿಲ್ಲ. "ಏನೋ ಇದು, ಅವ್ಳ ಮುಖ ಏನ್ ನೋಡ್ತೀಯಾ? ನಾನೇನು ನಿಂಗೆ ವಿಷ ಹಾಕ್ತೀನೇನೋ?" ಎಂದು ಗುಡುಗಿದೆ.

ಟೆರ್ಹೊ ಮತ್ತೆ ಮೀಸೆ ತೀಡಿದ.

ಸಿರ್ಕಾ ನಿಧಾನವಾಗಿ ಕಾಫಿ ಲೋಟ ಕೆಳಗಿಟ್ಟಳು. "ಇದಕ್ಕೆ ಉತ್ತರ ಅವ್ನು ಹೇಳ್ಬೇಕಾ, ನಾನು ಹೇಳ್ಲಾ?" ಎಂದಳು.