ಕಸದ ಲಾರಿಯ ಕಬ್ಬಿಣದ ಕೈಗೆ, ಆರು ಗಂಟೆಯ ದೀಪದ ವಿಷಯವಾಗಿ

ಮಾನ್ಯ ಕಬ್ಬಿಣದ ಕೈಯವರೇ,

ಸಾಷ್ಟಾಂಗ ನಮಸ್ಕಾರಗಳು. ಈ ಕಥೆಯನ್ನು ಮೊದಲು ಹೇಳಿದವರು ವಿಂಡಮ್ ವೇಲ್ ಎಂಬ ಹೊಸ ಬಡಾವಣೆಯ ಪ್ರಫುಲ್ಲಾ ಆಂಟಿ, ಕಳೆದ ಶನಿವಾರ ಭಜನೆ ಮುಗಿದು ಅವಲಕ್ಕಿ ಹಂಚುವ ಹೊತ್ತಿನಲ್ಲಿ. ನಾನು ಬರೀ ತಮಗೆ ಒಪ್ಪಿಸುವವನು. ಮೊನ್ನೆ ಮೊನ್ನೆಯವರೆಗೆ ಧೂಳು, ಒಣಹುಲ್ಲು ಬಿಟ್ಟರೆ ಏನೂ ಇಲ್ಲದ ಆ ಬಯಲಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಬೀದಿ ಹುಟ್ಟುತ್ತಿದ್ದರೂ, ತಾವು ಶುಕ್ರವಾರ ತಪ್ಪದೆ, ನಸುಕಿನಲ್ಲೇ ಲಾರಿಯೇರಿ ಬಂದು, ಬೀದಿಬದಿಯ ಬಿನ್ನುಗಳನ್ನು ಕೂಸಿನಂತೆ ಎತ್ತಿ ಬರಿದು ಮಾಡುವ ಶಿಸ್ತನ್ನು ಹೊಗಳಲು ನನ್ನ ಬಾಯಿ ಸಾಲದು.

ಆದರೆ ಆಂಟಿಯ ಮನೆಯ ಕೆಂಪು ಮುಚ್ಚಳದ ಬಿನ್ನಿಗೆ ತಮ್ಮ ಸ್ಪರ್ಶಭಾಗ್ಯ ದೊರೆತು ವಾರಗಳೇ ಕಳೆದಿವೆ. ಅವರು ಉಡುಪಿಯ ವಾಡಿಕೆಯಂತೆ ಸಂಜೆ ಆರಕ್ಕೆ ದೇವರ ದೀಪ ಹಚ್ಚುತ್ತಾರೆ. ಆಮೇಲೆ ಕಸ ಹೊರಗೆ ಹೋದರೆ ಅದರ ಬೆನ್ನಿಗೇ ಲಕ್ಷ್ಮಿಯೂ ಹೊರಡುತ್ತಾಳೆ. ಗುರುವಾರ ಸಂಜೆಯೇ ಬಿನ್ನನ್ನು ಬೀದಿಗೆ ಎಳೆದಿಡಬೇಕಾದ ಯಜಮಾನರು ತನಿಯಪ್ಪ ಅಂಕಲ್ ಆಫೀಸಿನಿಂದ ಬರುವುದು ಏಳಕ್ಕೆ. “ಮಾರಾಯ್ತಿ, ಸೂರ್ಯ ಇನ್ನೂ ಕಣ್ಣಿಗೇ ಹೊಡೀತಾ ಇದ್ದಾನೆ, ಇಲ್ಲಿ ಬೇಸಿಗೇಲಿ ಕತ್ತಲಾಗ್ಲಿಕ್ಕೆ ಒಂಬತ್ತಾಗ್ತದೆ” ಎಂದು ಅವರು ಅಂಗಲಾಚಿದರೆ, “ಅವನಿಗೆ ಟೈಮ್ ಗೊತ್ತಿಲ್ಲದಿದ್ರೆ ನಾನೆಂತ ಮಾಡುದು? ದೀಪ ಹಚ್ಚಿ ಆಯ್ತು” ಎಂದರಂತೆ ಆಂಟಿ. ಬೆಳಿಗ್ಗೆ ಹೊಸ್ತಿಲಿಗೆ ರಂಗೋಲಿ ಬೀಳುವವರೆಗೂ ಕಸ ಅಲ್ಲಾಡುವಂತಿಲ್ಲ. ಅಷ್ಟರಲ್ಲಿ ತಾವು ಮುಂದಿನ ಸಬರ್ಬ್ ತಲುಪಿರುತ್ತೀರಿ.

ಇದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಭಜನೆಯ ಮರುದಿನವೇ ಮಗಳು ಸುಪ್ರೀತಾಳ ಕೂಸಿನ ನಾಮಕರಣ, ಸಿಡ್ನಿಯಿಂದ ಬೀಗರು ಬರುವವರು, ಬಾಗಿಲ ಪಕ್ಕದಲ್ಲೇ ಬಿಸಿಲಿಗೆ ಬೇಯುತ್ತಿರುವ ಬಿನ್ನು. “ಅವರು ಕೂಸಿನ ಹೆಸರು ಕೇಳುವ ಮೊದಲು ಮೂಗು ಮುಚ್ಚಿದ್ರೆ ನನ್ನ ಮಗಳ ಮರ್ಯಾದೆ ಎಂತ ಆಗ್ತದೆ?” ಎಂದು ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದ್ದರಿಂದ ಸವಿನಯ ವಿನಂತಿ. ಇನ್ನು ಮುಂದೆ ಗುರುವಾರ ಮಧ್ಯಾಹ್ನವೇ ದಯಮಾಡಿಸಿ. ಆಗದಿದ್ದರೆ ಬೇಲಿಯ ಮೇಲಿಂದ ಕೈ ಚಾಚಿ. ಅದೂ ಆಗದಿದ್ದರೆ ತನಿಯಪ್ಪ ಅಂಕಲ್ಲರನ್ನೇ ಆಫೀಸಿನ ಕುರ್ಚಿಯಿಂದ ಎತ್ತಿ, ಐದೂವರೆಗೆ ಗೇಟಿನ ಮುಂದೆ ಇಳಿಸಿ. ಬಿನ್ನಿನಂತೆ ತಲೆಕೆಳಗು ಮಾತ್ರ ಮಾಡಬೇಡಿ.

ಕಥೆ ಕೇಳಿದ ನಾವು ಮರುದಿನ ಬೆಳಿಗ್ಗೆ, ಬೀಗರ ವಿಮಾನ ಇಳಿಯುವ ಮುಂಚೆಯೇ, ಆಂಟಿಯ ಅಂಗಳಕ್ಕೆ ಹೋಗಿ ಒಬ್ಬೊಬ್ಬರು ಒಂದೊಂದು ಕಸದ ಚೀಲವನ್ನು ಕಾರಿನ ಡಿಕ್ಕಿಗೆ ತುಂಬಿಕೊಂಡೆವು. ಹಗಲಾದ್ದರಿಂದ ಲಕ್ಷ್ಮಿಯ ತಕರಾರಿರಲಿಲ್ಲ. ಆಂಟಿ ಕುಂಕುಮವಿಟ್ಟು, ತಾಂಬೂಲ ಕೊಡುವಷ್ಟೇ ಪ್ರೀತಿಯಿಂದ ಚೀಲ ಕೊಟ್ಟು ಕಳಿಸಿದರು. ನನ್ನ ಪಾಲಿನದು ನಮ್ಮ ಮನೆಯಿರುವ ಕ್ರೇಗಿಬರ್ನ್‌ವರೆಗೆ, ಕಿಟಕಿಗಳೆಲ್ಲ ತೆರೆದ ಕಾರಿನಲ್ಲಿ, ರಾಜಗಾಂಭೀರ್ಯದಿಂದ ಬಂತು.

ತಮ್ಮ ವಿಶ್ವಾಸಿ,
ಯೋಗೀಶ
ಕ್ರೇಗಿಬರ್ನ್

ತಾ.ಕ.: ಓದಿದ ಮೇಲೆ ಈ ಪತ್ರವನ್ನು ಕಾಗದ ಮರುಬಳಕೆಗೆ ಹೋಗುವ ಹಳದಿ ಮುಚ್ಚಳದ ಬಿನ್ನಿಗೇ ಹಾಕತಕ್ಕದ್ದು. ತಪ್ಪು ಬಿನ್ನಿಗೆ ಹಾಕಿದವರ ಮನೆಯ ಮುಂದೆ ತಾವು ಎಷ್ಟು ಸಿಟ್ಟಾಗಿ ಮುಂದೆ ಹೋಗುತ್ತೀರೆಂಬುದನ್ನು ನಾವೆಲ್ಲ ಬಲ್ಲೆವು.