ಬೀಗರ ಊರಿನ ಬೀದಿಯೂಟ

ಗೊತ್ತಿರುವುದನ್ನು ಗೊತ್ತಿದೆ ಎಂದು ತೋರಿಸಿಕೊಳ್ಳದೆ ಸುಮ್ಮನಿರುವುದು ದೊಡ್ಡವರ ಲಕ್ಷಣವಂತೆ. ಆ ಲೆಕ್ಕದಲ್ಲಿ ರಿಟೈರಾದ ಮೇಲೂ ನಾನು ದೊಡ್ಡವನಾಗಿಲ್ಲ. ಯಾರ ಮನೆಗಾದರೂ ಹೊರಟರೆ ಹಣ್ಣು, ಹೂವು, ಸಿಹಿಯ ಯೋಚನೆ ನನ್ನ ಹೆಂಡತಿ ವಿಮಲಳದು. ಅವರಿರುವ ಜಾಗದ ಚರಿತ್ರೆ ಓದಿಕೊಂಡು ಹೋಗುವುದು ನನ್ನ ಪಾಲಿನ ಕೆಲಸ. ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿ ಸ್ನೇಹಿತರೊಬ್ಬರ ಗೃಹಪ್ರವೇಶಕ್ಕೆ ಹೋದಾಗ, ಹೋಮದ ಹೊಗೆಯ ನಡುವೆಯೇ ಅವರ ಕಿವಿಯಲ್ಲಿ, ಈ ಕಡೆಯೆಲ್ಲ ಒಂದು ಕಾಲಕ್ಕೆ ಜೌಗು ನೆಲವಾಗಿತ್ತು ಗೊತ್ತೇ ಎಂದು ಹೇಳಿದ್ದೆ. ಆ ಮನುಷ್ಯ ಮೂವತ್ತು ವರ್ಷದ ಮಾರ್ಟ್‌ಗೇಜಿಗೆ ಆಗಷ್ಟೇ ಸಹಿ ಹಾಕಿದ್ದ. ಪೂರ್ಣಾಹುತಿ ಮುಗಿಯುವವರೆಗೂ ಅವನು ಕಾಲ ಹೆಬ್ಬೆರಳಿನಿಂದ ನೆಲ ಒತ್ತಿ ಒತ್ತಿ ನೋಡುತ್ತಿದ್ದ. ವಾಪಸು ಬರುವಾಗ ಕಾರಿನಲ್ಲಿ ವಿಮಲ ನನ್ನೊಡನೆ ಮಾತಾಡಲಿಲ್ಲ. ಮಾತಾಡಬಾರದ ಕಡೆ ನಾನು ಮಾತಾಡಿದ್ದಕ್ಕೆ ಮಾತಾಡಬೇಕಾದ ಕಡೆ ತಾನು ಮಾತಾಡದಿರುವುದು ಅವಳು ಕಂಡುಕೊಂಡಿರುವ ಔಷಧ. ಈವರೆಗೆ ಗುಣ ಕಂಡಿಲ್ಲ.

ಇಂಥ ನನಗೆ ಹೋದ ವರ್ಷ ಸ್ಪೇನ್ ದೇಶದಿಂದ ಬೀಗರು ಗಂಟುಬಿದ್ದರು. ನಾವಿಬ್ಬರು ಇರುವುದು ಮೆಲ್ಬರ್ನಿನ ಟಾರ್ನೀಟ್‌ನಲ್ಲಿ. ಒಬ್ಬಳೇ ಮಗಳು ಸಿಂಧು ಸಿಡ್ನಿಯಲ್ಲಿ ಕೆಲಸಕ್ಕಿದ್ದಾಳೆ. ಒಂದು ಭಾನುವಾರ ಅವಳು ವಿಡಿಯೋ ಕಾಲ್ ಮಾಡಿ, ಪಕ್ಕದಲ್ಲಿ ಕೂತಿದ್ದ ಗಡ್ಡದ ಹುಡುಗನನ್ನು ತೋರಿಸಿ, ಇವನು ಪೆಲಾಯೊ, ನಾವು ಮದುವೆಯಾಗುತ್ತೇವೆ ಎಂದಳು. ಹುಡುಗ ಮೊಟ್ಟೆ ತಿನ್ನುತ್ತಾನೆಯೇ ಎಂದು ವಿಮಲ ಕೇಳಿದಳು. ನಾನು ಕೇಳಿದ್ದು ನಮ್ಮವರು ತಲೆತಲಾಂತರದಿಂದ ಕೇಳುತ್ತ ಬಂದಿರುವುದನ್ನೇ: ಯಾವ ಊರು? ಅವಿಲೆಸ್ ಎಂದ ಹುಡುಗ. ಉತ್ತರ ಸ್ಪೇನಿನ ಕಡಲ ಪಕ್ಕದ, ಉಕ್ಕಿನ ಕಾರ್ಖಾನೆಯ ಬಂದರು ಪಟ್ಟಣವಂತೆ. ಆ ರಾತ್ರಿಯೇ ನಾನು ಕಂಪ್ಯೂಟರ್ ಮುಂದೆ ಕೂತೆ. ಹೆಣ್ಣು ಕೊಡುವ ಮನೆಯ ಕಣ್ಣು ಮೂಗಾದರೂ ಗೊತ್ತಿರಬೇಡವೇ?

ನನ್ನ ಓದಿಗೆ ಇನ್ನೊಂದು ಒಳಗಿನ ಕಾರಣವೂ ಇತ್ತು. ಚಿಕ್ಕಂದಿನಲ್ಲಿ ಮೈಸೂರಿನ ಛತ್ರಗಳಲ್ಲಿ ಮದುವೆಯೂಟಕ್ಕೆ ಕೂತಾಗ ನನ್ನ ಕಣ್ಣು ಲಾಡುವಿನ ಮೇಲಿರುತ್ತಿರಲಿಲ್ಲ, ದೊಡ್ಡಪ್ಪನ ಮೇಲಿರುತ್ತಿತ್ತು. ಅವರು ಅಡುಗೆ ಮಾಡಿದವರಲ್ಲ, ಬಡಿಸಿದವರೂ ಅಲ್ಲ. ಹೆಗಲ ಮೇಲೆ ಜರಿ ಶಲ್ಯ ಹಾಕಿಕೊಂಡು, ಎರಡು ಸಾಲು ಎಲೆಗಳ ನಡುವೆ ಕೈಮುಗಿದು ನಡೆಯುತ್ತ, "ಸಾವಕಾಶವಾಗಿ ಊಟ ಮಾಡಿ, ಸಂಕೋಚ ಬೇಡ" ಎನ್ನುತ್ತಿದ್ದರು, ಅಷ್ಟೇ. ಆದರೆ ಊಟಕ್ಕೆ ಕೂತ ಇಡೀ ಛತ್ರ ಅವರಿಗೆ ತಲೆಬಾಗುತ್ತಿತ್ತು. ಕೈಗೆ ಮಸಿ ಹತ್ತದ, ಬೆವರು ಹರಿಯದ, ಇಷ್ಟು ಗೌರವದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಆಮೇಲೆ ಎಷ್ಟೋ ವರ್ಷ ಡಾಕ್‌ಲ್ಯಾಂಡ್ಸ್‌ನ ಆಫೀಸಿನಲ್ಲಿ ಮ್ಯಾನೇಜರ್ ಆಗಿದ್ದೆ. ಆ ಗೌರವದ ಹತ್ತನೇ ಒಂದು ಪಾಲೂ ಸಿಗಲಿಲ್ಲ. ಮಗಳ ಮದುವೆಯಲ್ಲಿ ಒಮ್ಮೆ, ಒಂದೇ ಒಂದು ಸಲ, ಆ ಸಾಲುಗಳ ನಡುವೆ ನಡೆಯಬೇಕು ಎಂಬುದು ನನ್ನ ಆಸೆ. ಅದಕ್ಕಾಗಿಯೇ ತರಿಸಿಟ್ಟಿದ್ದ ಶಲ್ಯ ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತ ಬಿದ್ದಿತ್ತು.

ಸಿಂಧುವಿನ ಯೋಜನೆ ಬೇರೆಯೇ ಇತ್ತು. ಸಿಡ್ನಿಯಲ್ಲೊಂದು ರೆಸ್ಟೋರೆಂಟ್ ಬುಕ್ ಮಾಡಿ, ನಲವತ್ತು ಜನರನ್ನು ಕರೆದು ಮುಗಿಸುವುದು. ನಲವತ್ತು ಜನ ನನ್ನ ಬೆಳಗಿನ ವಾಕಿಂಗ್ ಗುಂಪಿನಲ್ಲೇ ಇದ್ದಾರೆ ಎಂದೆ. ಮಾತಿಗೆ ಮಾತು ಬೆಳೆದು, ಕೊನೆಗೆ ವಿಮಲ ನಡುವೆ ಬಂದು, ಹುಡುಗನ ತಂದೆತಾಯಿ ಹೇಗೂ ಸಿಡ್ನಿಗೆ ಬರುತ್ತಿದ್ದಾರೆ, ಅವರು ಹೇಗೆ ಹೇಳುತ್ತಾರೋ ಹಾಗಾಗಲಿ ಎಂದು ತೀರ್ಮಾನ ಕೊಟ್ಟಳು. ನಾನು ತಕ್ಷಣ ಒಪ್ಪಿದೆ. ಬೀಗರನ್ನು ಹೇಗೆ ಒಲಿಸಿಕೊಳ್ಳಬೇಕೆಂದು ನನಗೆ ಗೊತ್ತಿತ್ತು. ತನ್ನ ಊರನ್ನು ಹೊಗಳಿದರೆ ಕರಗದ ಮನುಷ್ಯ ಇನ್ನೂ ಹುಟ್ಟಿಲ್ಲ.

ಅವಿಲೆಸ್ಸನ್ನು ನಾನು ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಹುಡುಗನ ಹಾಗೆ ಓದಿದೆ. ಕೋಟೆ ಗೋಡೆಯ ಹಳೇ ಪೇಟೆ, ಅದರ ಹೊರಗೆ ಮೀನುಗಾರರ ಕೇರಿ, ಎರಡರ ನಡುವೆ ಜೌಗು. (ಜೌಗಿನ ವಿಷಯ ಈ ಸಲ ಎತ್ತಬಾರದೆಂದು ನಿಶ್ಚಯಿಸಿದೆ.) ಕಂಬಗಳ ಸಾಲಿನ ಒಂದು ಬೀದಿಯಲ್ಲಿ ನೆಲಹಾಸು ಎರಡು ಬಗೆ, ಜನ ನಡೆಯಲು ಚಪ್ಪಡಿ, ದನ ನಡೆಯಲು ಉರುಟುಕಲ್ಲು. ಹೋದ ಶತಮಾನದ ನಡುವಿಗೆ ದೊಡ್ಡ ಉಕ್ಕಿನ ಕಾರ್ಖಾನೆ ಬಂತು. ಊರು ನೋಡುನೋಡುತ್ತಲೇ ಉಬ್ಬಿತು. ಒಣಹಾಕಿದ ಬಿಳಿ ಬಟ್ಟೆ ಕಪ್ಪಾಯಿತು. ಅಳಿವೆಯ ನೀರು ಕೆಟ್ಟಿತು. ಕುಲುಮೆಗಳು ಒಂದೊಂದಾಗಿ ಆರಿದ ಮೇಲೆ ನೀರು ತೊಳೆದು, ದಡದಲ್ಲಿ ಕೋಸಂಬರಿ ಬಟ್ಟಲು ಬೋರಲು ಹಾಕಿದಂಥ ಬಿಳಿಯ ಸಾಂಸ್ಕೃತಿಕ ಭವನ ಕಟ್ಟಿದರು. ಓದುತ್ತ ಓದುತ್ತ ನನ್ನ ಕಣ್ಣಿಗೆ ಬಿದ್ದದ್ದು ಒಂದು ಚಿತ್ರ: ಈಸ್ಟರ್ ಮಾರನೆಯ ದಿನ ಹಳೇ ಪೇಟೆಯ ಬೀದಿ ಬೀದಿಗಳಲ್ಲಿ ಮೇಜು ಜೋಡಿಸಿ, ಊರಿಗೆ ಊರೇ ಒಟ್ಟಿಗೆ ಊಟಕ್ಕೆ ಕೂತಿದೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಪಂಕ್ತಿ! ಸಾಕ್ಷಾತ್ ಪಂಕ್ತಿಭೋಜನ! ಆ ಸಂಭ್ರಮದಲ್ಲಿ ಚಿತ್ರದ ಕೆಳಗಿದ್ದ ನಾಲ್ಕು ಸಾಲು ಓದುವುದನ್ನು ಬಿಟ್ಟೆ. ಮುಂದಿನದಕ್ಕೆಲ್ಲ ಆ ನಾಲ್ಕು ಸಾಲೇ ಕಾರಣ.

ಸಿಡ್ನಿಯಲ್ಲಿ ಮಗಳ ಅಪಾರ್ಟ್‌ಮೆಂಟಿನಲ್ಲಿ ಬೀಗರ ಭೇಟಿ. ಬಾಗಿಲಲ್ಲೇ ಸಿಂಧು ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಾ ಪ್ಲೀಸ್, ನೋ ಲೆಕ್ಚರ್" ಎಂದಳು. ಬೀಗರ ಹೆಸರು ಮನ್ವೆಲ್. ರಿಟೈರಾದ ಸ್ಕೂಲ್ ಮೇಷ್ಟ್ರು, ನಿಧಾನವಾದ ಇಂಗ್ಲಿಷು, ದೊಡ್ಡ ನಗು. ಬೀಗಿತ್ತಿ ಪಿಲಾರ್ ಅವರಿಗೆ ಇಂಗ್ಲಿಷ್ ಬಾರದು. ಆದರೆ ಐದೇ ನಿಮಿಷದಲ್ಲಿ ಅವರೂ ವಿಮಲಳೂ ಅಡುಗೆಮನೆ ಸೇರಿ, ಭಾಷೆಯ ಹಂಗಿಲ್ಲದೆ ಗಂಡಂದಿರನ್ನು ಆಡಿಕೊಳ್ಳುತ್ತಿದ್ದರು ಎಂದು ನನ್ನ ಗುಮಾನಿ. ಮನ್ವೆಲ್ ತಮ್ಮ ಕಡೆಯ ಸೇಬಿನ ಪಾನೀಯದ ಬಾಟಲಿ ತೆರೆದರು. ಸೇಬಿನ ರಸ ಎಂದ ಪೆಲಾಯೊ. ಅದು ಪೂರ್ತಿ ಸತ್ಯವಲ್ಲವೆಂದು ನನ್ನ ಮೂಗು ಹೇಳಿತು. ಬೀಗರ ಸತ್ಕಾರವೆಂದು ಮೂಗಿನ ಮಾತು ಕೇಳಲಿಲ್ಲ. ಅವರು ಬಾಟಲಿಯನ್ನು ತಲೆಯ ಮೇಲಕ್ಕೆ ಎತ್ತಿ, ಲೋಟವನ್ನು ಮೊಣಕಾಲ ಬಳಿ ಹಿಡಿದು, ಧಾರೆಯಾಗಿ ಸುರಿದರು. ವಿಮಲ ಓಡಿಬಂದು ಕಾರ್ಪೆಟ್ ಮೇಲೆ ಪೇಪರ್ ಹಾಸಿದಳು. ಲೋಟದಲ್ಲಿ ಬಿದ್ದದ್ದು ಎರಡು ಗುಟುಕು. ಅದನ್ನು ಒಂದೇ ಉಸಿರಿಗೆ ಕುಡಿದು, ತಳದಲ್ಲಿ ಚೂರು ಉಳಿಸಿ, ಅದರಿಂದಲೇ ಅಂಚು ತೊಳೆದಂತೆ ಚೆಲ್ಲಿ, ಅದೇ ಲೋಟವನ್ನು ಮುಂದಿನವರಿಗೆ ಕೊಡಬೇಕಂತೆ. ಎಲ್ಲರಿಗೂ ಒಂದೇ ಲೋಟ! ಎಂಜಲಿನ ಭಯಕ್ಕೆ ನನ್ನ ಕೈ ತಾನಾಗಿ ಮೇಲೆದ್ದಿತು. ಲೋಟ ತುಟಿಗೆ ತಾಕಿಸದೆ, ಗೇಣುದ್ದ ಮೇಲಿನಿಂದ ಎತ್ತಿ ಕುಡಿದೆ. ಮನ್ವೆಲ್ ಕಣ್ಣರಳಿಸಿ ಚಪ್ಪಾಳೆ ತಟ್ಟಿದರು. ಸುರಿಯುವುದಕ್ಕೆ ಎತ್ತರ ಬೇಕೆಂದು ತಮ್ಮವರಿಗೆ ಗೊತ್ತು, ಕುಡಿಯುವುದರಲ್ಲೂ ಎತ್ತರ ಇಟ್ಟವರನ್ನು ಇದೇ ಮೊದಲು ನೋಡಿದ್ದು ಎಂದರು. ಬೀಗರು ಬುಟ್ಟಿಗೆ ಬಿದ್ದರೆಂದು ನನಗೆ ಖಾತ್ರಿಯಾಯಿತು.

ಇನ್ನು ತಡೆಯಲಾಗಲಿಲ್ಲ. ಕೋಟೆಯಿಂದ ಶುರುಮಾಡಿ, ದನದ ಉರುಟುಕಲ್ಲು ದಾಟಿ, ಕುಲುಮೆಗೆ ಬಂದೆ. ಸಿಂಧು ಎರಡು ಸಲ ಕೆಮ್ಮಿದಳು. ಕೋಟೆಯ ಕಾಲದಿಂದಲೂ ಆ ಊರಲ್ಲಿ ಬಾಳಿದ ನಿಮ್ಮಂಥ ಮನೆತನ ಎಂದೆ. ಆಗ ಮನ್ವೆಲ್ ನಕ್ಕು, ತಮ್ಮದು ಅಂಥ ಮನೆತನವಲ್ಲ, ತಮ್ಮ ಅಪ್ಪ ದಕ್ಷಿಣದಿಂದ ರೈಲು ಹತ್ತಿ ಕಾರ್ಖಾನೆಯ ಕೆಲಸಕ್ಕೆ ಬಂದವರು ಎಂದರು. ಹಾಗೆ ಬಂದವರನ್ನು ಊರವರು ಆಗ 'ಕೊರಿಯಾದವರು' ಎಂದು ಕರೆಯುತ್ತಿದ್ದರಂತೆ. ಎಲ್ಲಿಯ ಸ್ಪೇನ್, ಎಲ್ಲಿಯ ಕೊರಿಯಾ! ದೂರದವರು ಎನ್ನುವುದಕ್ಕೆ, ಕೊರಿಯಾ ಯುದ್ಧದ ಸುದ್ದಿಯೇ ತುಂಬಿದ್ದ ಆ ಕಾಲದ ಪತ್ರಿಕೆಗಳಲ್ಲಿ ಸಿಕ್ಕಿದ ಹೆಸರು ಅದು. ನನ್ನ ಇತಿಹಾಸಕ್ಕೆ ಸಣ್ಣ ಪೆಟ್ಟು ಬಿದ್ದರೂ ಎದೆಗುಂದದೆ, ನೇರ ಬ್ರಹ್ಮಾಸ್ತ್ರಕ್ಕೆ ಕೈಹಾಕಿದೆ. ನಿಮ್ಮ ಊರಲ್ಲಿ ಈಸ್ಟರ್ ಮಾರನೆಯ ದಿನ ಬೀದಿಯಲ್ಲಿ ಊರೆಲ್ಲ ಒಟ್ಟಿಗೆ ಉಣ್ಣುವುದಿಲ್ಲವೇ? ನಮ್ಮ ಮದುವೆಯೂಟವೂ ಹಾಗೆಯೇ. ಮಕ್ಕಳ ಮದುವೆಯನ್ನು ಅದೇ ರೀತಿ ಮಾಡಿದರೆ ಹೇಗೆ?

ಮನ್ವೆಲ್ ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ಇದಕ್ಕಿಂತ ಒಳ್ಳೆಯ ಯೋಚನೆ ಇನ್ನೊಂದಿಲ್ಲವಂತೆ. ನಾನು ಮಗಳ ಕಡೆ ಗೆದ್ದ ನಗೆ ಬೀರಿದೆ. ಅಷ್ಟರಲ್ಲಿ ಅವರು ಮುಂದುವರಿಸಿ, ಹಾಗಾದರೆ ಬಂದವರೆಲ್ಲ ಅವರವರ ಮನೆಯಿಂದ ಊಟ ತರುತ್ತಾರೆ, ನಾವು ಮೇಜು ಹಾಕಿಸಿದರೆ ಸಾಕು ಎಂದರು. ನಾನು ಕೇಳಿದ್ದು ಸರಿಯೇ ಎಂದು ಪೆಲಾಯೊನ ಮುಖ ನೋಡಿದೆ. ಹೌದು ಅಂಕಲ್, ಪುರಸಭೆ ಮೇಜು ಹಾಕುತ್ತದೆ, ಊಟ ನಮ್ಮ ನಮ್ಮದು ಎಂದ ಅವನು. ಓದದೆ ಬಿಟ್ಟ ನಾಲ್ಕು ಸಾಲಿನಲ್ಲಿ ಇದ್ದದ್ದು ಇದೇ. ಮದುವೆಗೆ ಕರೆದು, ಬರುವಾಗ ಡಬ್ಬಿ ಕಟ್ಟಿಕೊಂಡು ಬನ್ನಿ ಎನ್ನುವುದೇ? ಹಿಂದೆ ಆಫೀಸಿನವರು ಬಾರ್ಬೆಕ್ಯೂಗೆ ಕರೆದು ಮಾಂಸ ನೀವೇ ತನ್ನಿ ಎಂದಾಗ, ನಾನೊಂದು ಬದನೆಕಾಯಿ ಹಿಡಿದು ಹೋಗಿ, ಇವರ ಸಂಸ್ಕಾರವೇ ಇಷ್ಟು ಎಂದು ತಿಂಗಳುಗಟ್ಟಲೆ ಆಡಿಕೊಂಡಿದ್ದೆ. ಈಗ ನನ್ನ ಮಗಳ ಮದುವೆಯೇ ಹಾಗಾದರೆ ಟಾರ್ನೀಟ್‌ನಲ್ಲಿ ಮುಖವೆತ್ತಿ ತಿರುಗುವುದು ಹೇಗೆ? ಇಂಗು ತಿಂದ ಮಂಗನ ಹಾಗೆ ಕೂತೆ. ಸಾವರಿಸಿಕೊಂಡು, ಊಟ ಹಾಕುವುದು ಹೆಣ್ಣಿನ ಕಡೆಯವರ ಧರ್ಮ, ಅದನ್ನು ನಮಗೇ ಬಿಡಿ ಎಂದು ಬೇಡಿಕೊಂಡೆ.

ಆಗ ಮನ್ವೆಲ್ ಹೇಳಿದ್ದನ್ನು ನಾನು ಮರೆತಿಲ್ಲ. "ನಮ್ಮಪ್ಪ ಮೂವತ್ತು ವರ್ಷ ಆ ಕಾರ್ಖಾನೆಯಲ್ಲಿ ದುಡಿದ್ರು, ಕೊರಿಯಾದವರಾಗಿಯೇ ಉಳಿದ್ರು. ಬೀದಿಯೂಟ ಶುರುವಾದಾಗ ಅವರಿಗೆ ವಯಸ್ಸಾಗಿತ್ತು. ಪಕ್ಕದಲ್ಲಿ ಕೂತ ಹಳೇ ಊರಿನ ಹೆಂಗಸೊಬ್ಬರು ತಮ್ಮ ಡಬ್ಬಿಯಿಂದ ಒಂದು ಚೂರು ಅಪ್ಪನ ತಟ್ಟೆಗೆ ಹಾಕಿದ್ರು. ಅಪ್ಪ ನಮ್ಮ ಕಡೆಯ ಅಡುಗೆ ಅವರಿಗೆ ಕೊಟ್ರು. ಮನೆಗೆ ಬಂದು, ಇವತ್ತು ನಾವು ಈ ಊರಿನವರಾದ್ವಿ ಅಂದ್ರು. ಒಬ್ಬರೇ ಎಲ್ಲರಿಗೂ ಬಡಿಸಿದ್ರೆ ಅವರು ಯಜಮಾನರು, ನಾವು ಅತಿಥಿಗಳು. ಎಲ್ಲರೂ ತಂದ್ರೆ ಯಾರೂ ಅತಿಥಿಯಲ್ಲ." ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ವಿಮಲ ಕಣ್ಣೊರೆಸಿಕೊಂಡಳು. ನನ್ನ ಮನಸ್ಸೂ ಕರಗಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಕರಗಿದ ಮನಸ್ಸಿನ ಒಳಗೇ, ಯಜಮಾನ ಎನಿಸಿಕೊಳ್ಳಲು ನಾನು ಅರವತ್ತು ವರ್ಷ ಕಾದಿದ್ದೇನಲ್ಲ ಎಂಬ ಅಳಲೂ ಸಿಕ್ಕಿಕೊಂಡಿತ್ತು. ಸಿಂಧು ನನ್ನ ಹೆಗಲ ಮೇಲೆ ಕೈಯಿಟ್ಟು, "ಸೂಪರ್ ಐಡಿಯಾ ಅಪ್ಪಾ" ಎಂದಳು. ಹುಟ್ಟಿದ ಮೇಲೆ ಮೊದಲ ಸಲ ಅವಳು ನನ್ನ ಐಡಿಯಾ ಒಪ್ಪಿದ್ದು. ಅದು ನನ್ನದಲ್ಲ ಎನ್ನುವ ಧೈರ್ಯ ಬರಲಿಲ್ಲ.

ಮದುವೆ ಸಿಡ್ನಿಯ ನದಿ ದಂಡೆಯ ಒಂದು ಪಾರ್ಕಿನಲ್ಲಾಯಿತು. ಊಟ ಅವರವರದೇ ಆದ್ದರಿಂದ ಎಷ್ಟು ಜನರನ್ನು ಕರೆದರೂ ಸಿಂಧು ಬೇಡವೆನ್ನಲಿಲ್ಲ. ನನ್ನ ವಾಕಿಂಗ್ ಗುಂಪು ಪೂರ್ತಿ ಮೆಲ್ಬರ್ನಿನಿಂದ ಬಂತು. ಡಬ್ಬಿಯ ವಿಷಯ ಅವರಿಗೆ ಹೇಳುವಾಗ ನಾನು ತೊದಲಿದ ರೀತಿಗೆ, ಮದುವೆಯೇ ನಿಂತುಹೋಗಿದೆ ಎಂದುಕೊಂಡು ಒಬ್ಬರು ಸಮಾಧಾನ ಹೇಳಿದ್ದರು. ಆದರೂ ಎಲ್ಲರೂ ತಂದರು. ಮರಗಳ ಕೆಳಗೆ ಉದ್ದಕ್ಕೆ ಹಾಕಿದ ಮೇಜಿನ ಮೇಲೆ ಪುಳಿಯೋಗರೆಯ ಪಕ್ಕ ಪಿಲಾರ್ ಅವರ ಹುರುಳಿಕಾಯಿ ಪಲ್ಯ, ಕೋಡುಬಳೆಯ ಪಕ್ಕ ಯಾರದೋ ಆಲಿವ್ ಕಾಯಿ. ಮಾಂಗಲ್ಯಧಾರಣೆ ಮುಗಿದು ಎಲ್ಲರೂ ಕೂತರು. ನಾನು ಶಲ್ಯ ಹೊದ್ದು ನಿಂತಿದ್ದೆ. ಬಡಿಸಲು ಏನೂ ಇಲ್ಲ, ಉಪಚಾರ ಹೇಳಲು ಬಾಯಿ ಬರಲಿಲ್ಲ. ಅವರದೇ ಊಟವನ್ನು ಸಂಕೋಚವಿಲ್ಲದೆ ಮಾಡಿ ಎಂದು ಅವರಿಗೇ ಹೇಳುವುದು ಹೇಗೆ? ಆದರೂ ಕಾಲು ಕೇಳಲಿಲ್ಲ. ಕೈಮುಗಿದು ಮೇಜಿನ ಪಕ್ಕ ಮೆಲ್ಲನೆ ನಡೆಯತೊಡಗಿದೆ.

ಮೊದಲ ಕುರ್ಚಿಯ ಆಂಟಿ ನನ್ನನ್ನು ತಡೆದು, ಪಾಪ ಬೆಳಗಿನಿಂದ ಏನೂ ತಿಂದಿಲ್ಲ ಅನ್ಸತ್ತೆ ಎಂದು ಕೈಗೊಂದು ತಟ್ಟೆ ಕೊಟ್ಟು ಒಂದು ಚಮಚ ಪುಳಿಯೋಗರೆ ಹಾಕಿದರು. ಅಲ್ಲಿಗೆ ದಾರಿ ತೆರೆಯಿತು. ಮುಂದಿನವರು ವಡೆ, ಅದರ ಮುಂದಿನವರು ಮೊಸರನ್ನ. ಹೆಸರು ಗೊತ್ತಿಲ್ಲದ ಸ್ಪೇನಿನ ಹುಡುಗಿಯೊಬ್ಬಳು ಆಲೂಗೆಡ್ಡೆಯ ಏನನ್ನೋ ತಂದಳು. ಸಿಂಧು ಓಡಿಬಂದು, ಅದರಲ್ಲಿ ಮೊಟ್ಟೆಯಿದೆ ಎಂದು ತನ್ನ ತಟ್ಟೆಗೆ ಹಾಕಿಕೊಂಡಳು. ಹೊಟ್ಟೆ ತುಂಬಿತು ಎಂದರೆ ಯಾರೂ ಕೇಳರು. ಎರಡು ಸಾಲುಗಳ ನಡುವೆ ಗೌರವದಿಂದ ನಡೆಯಬೇಕೆಂದಿದ್ದವನು, ಪ್ರತಿಯೊಬ್ಬರ ಮುಂದೂ ತಟ್ಟೆ ಹಿಡಿದು ಸಾಗುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ಸೋದರತ್ತೆಯ ಮನೆಗೆ ಹೋದ ಹಾಗಿತ್ತು.

ಮೇಜಿನ ಕೊನೆ ಮುಟ್ಟುವಷ್ಟರಲ್ಲಿ ನಿಲ್ಲಲಾರದೆ ಖಾಲಿಯಿದ್ದ ಕುರ್ಚಿಯಲ್ಲಿ ಕುಸಿದೆ. ಸೆಕೆಗೆ ಜಾರಿದ ಶಲ್ಯವನ್ನು ದಾರಿಯಲ್ಲೆಲ್ಲೋ ಬಿಟ್ಟಿದ್ದೆ. ತಲೆಯೆತ್ತಿ ನೋಡಿದರೆ ಅದು ಮನ್ವೆಲ್ ಹೆಗಲ ಮೇಲಿತ್ತು. ಸಿಂಧು ಹೇಳಿಕೊಟ್ಟಿದ್ದಳೋ, ವಿಮಲಳೋ, ಅವರು ಕೈಮುಗಿದುಕೊಂಡು ಸಾಲಿನ ಉದ್ದಕ್ಕೂ ಒಬ್ಬೊಬ್ಬರಿಗೂ ಬಾಗುತ್ತ ಬಂದು, ನನ್ನ ಮುಂದೆ ನಿಂತು, ತಪ್ಪಿಲ್ಲದ ಕನ್ನಡದಲ್ಲಿ, "ಸಾವಕಾಶವಾಗಿ ಊಟ ಮಾಡಿ, ಸಂಕೋಚ ಬೇಡ" ಎಂದರು. ಸ್ವಾಮೀ, ಆ ಮಾತು ನನ್ನದು, ಆ ಶಲ್ಯ ನನ್ನದು, ಅದರ ಹಿಂದೆ ಮೈಸೂರಿನ ದೊಡ್ಡ ಇತಿಹಾಸವೇ ಇದೆ ಎಂದು ಮೊದಲಿನಿಂದ ವಿವರಿಸಬೇಕೆನಿಸಿತು. ಆದರೆ ಬಾಯಿ ತುಂಬ ಬಿಸಿಬೇಳೆಭಾತ್ ಇತ್ತು. ಜನ್ಮದಲ್ಲಿ ಮೊದಲ ಸಲ, ಗೊತ್ತಿದ್ದೂ ಸುಮ್ಮನೆ ತಲೆಯಾಡಿಸಿದೆ.